ಬೋಯ್‌ಗಳು ಮತ್ತು ಅವುಗಳನ್ನು ನಿರ್ವಹಿಸುವ ಹಡಗುಗಳು: ಸಾರ್ವಜನಿಕರಿಗೆ ಮಾಹಿತಿ

ಸಮುದ್ರದಿಂದ ಬಂದರಿಗೆ ಬರುವ ಹಡಗುಗಳಿಗೆ ಹಾಗೂ ಮೀನುಗಾರಿಕಾ ದೋಣಿಗಳಿಗೆ ಸುರಕ್ಷಿತ ಮಾರ್ಗವನ್ನು ಸೂಚಿಸಲು ನೀರಿನ ಮೇಲೆ ತೇಲುವ ಗುರುತುಗಳನ್ನು ಇರಿಸಲಾಗುತ್ತದೆ. ಇವುಗಳನ್ನು ಬೋಯ್ ಎಂದು ಕರೆಯಲಾಗುತ್ತದೆ. ಪ್ರತಿಯೊಂದು ಬೋಯ್ ಅನ್ನು ದಪ್ಪ ಸರಪಳಿಯಿಂದ ಸಮುದ್ರತಳದಲ್ಲಿರುವ ಭಾರವಾದ ತೂಕಕ್ಕೆ ಬಂಧಿಸಲಾಗಿರುತ್ತದೆ.

ಬಣ್ಣಗಳ ಅರ್ಥ

ಭಾರತವು ಅಂತರರಾಷ್ಟ್ರೀಯ ಬೋಯ್ ಪದ್ಧತಿಯ ‘ಎ’ ವಲಯಕ್ಕೆ ಸೇರಿದೆ. ಸಮುದ್ರದಿಂದ ಬಂದರನ್ನು ಪ್ರವೇಶಿಸುವಾಗ ಕೆಂಪು ಬೋಯ್ ಎಡಬದಿಗೂ ಹಸಿರು ಬೋಯ್ ಬಲಬದಿಗೂ ಇರತಕ್ಕದ್ದು. ಕೆಂಪು-ಬಿಳಿ ಲಂಬ ಪಟ್ಟೆಗಳು ಸುತ್ತಲೂ ಸುರಕ್ಷಿತ ನೀರಿರುವುದನ್ನು ಸೂಚಿಸುತ್ತವೆ. ಕಪ್ಪು-ಕೆಂಪು ಅಡ್ಡಪಟ್ಟೆಗಳ ಮೇಲೆ ಎರಡು ಕಪ್ಪು ಗೋಳಗಳಿದ್ದಲ್ಲಿ ಅಲ್ಲಿ ಬಂಡೆಯಂತಹ ಪ್ರತ್ಯೇಕ ಅಪಾಯವಿದೆ ಎಂದು ತಿಳಿಯತಕ್ಕದ್ದು.

ನಿರ್ವಹಣೆಯ ಅಗತ್ಯ

ಅಲೆಗಳ ಹೊಡೆತಕ್ಕೆ ಸರಪಳಿಯು ಸವೆಯುತ್ತದೆ. ಪಾಚಿ ಹಾಗೂ ಚಿಪ್ಪುಜೀವಿಗಳು ಬೆಳೆದು ಬೋಯ್‌ನ ಭಾರ ಹೆಚ್ಚುತ್ತದೆ. ಅಳಿವೆಗಳಲ್ಲಿ ಮರಳದಿಬ್ಬಗಳು ಸ್ಥಳ ಬದಲಿಸುವುದರಿಂದ ಹಿಂದಿನ ಗುರುತು ದಾರಿ ತಪ್ಪಿಸಬಹುದು. ಬೋಯ್ ಇಲ್ಲದ ಕಡೆ ನಾವಿಕನು ಎಚ್ಚರಿಕೆಯಿಂದ ಸಾಗುತ್ತಾನೆ. ಸ್ಥಾನ ತಪ್ಪಿದ ಬೋಯ್ ಅನ್ನು ನಂಬಿದವನು ದೋಣಿಯನ್ನು ನೇರವಾಗಿ ಅಪಾಯಕ್ಕೆ ಒಯ್ಯುತ್ತಾನೆ. ಆದ್ದರಿಂದ ತಪ್ಪು ಗುರುತು ಗುರುತಿಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

ಹಡಗುಗಳ ಕಾರ್ಯವಿಧಾನ

ಈ ಹಡಗುಗಳು ವಿಶಾಲವಾದ ತೆರೆದ ಅಟ್ಟವನ್ನೂ ಬಲವಾದ ಕ್ರೇನನ್ನೂ ಹೊಂದಿರುತ್ತವೆ. ಅವುಗಳ ಕಾರ್ಯಗಳು ಇಂತಿವೆ:

1. ಬೋಯ್ ಅನ್ನು ಮೇಲೆತ್ತಿ ಪಾಚಿ, ಚಿಪ್ಪುಗಳನ್ನು ಕೆರೆದು ಬಣ್ಣ ಬಳಿಯುವುದು.
2. ಸರಪಳಿಯ ಸವೆತವನ್ನು ಅಳೆದು, ಸವೆದ ಭಾಗವನ್ನು ಬದಲಾಯಿಸುವುದು.
3. ದೀಪ, ಬ್ಯಾಟರಿ ಹಾಗೂ ಸೌರಫಲಕಗಳನ್ನು ಪರೀಕ್ಷಿಸುವುದು.
4. ಉಪಗ್ರಹ ಆಧಾರಿತ ಸ್ಥಾನ ನಿರ್ಣಯದ ನೆರವಿನಿಂದ ಬೋಯ್ ಅನ್ನು ನಕ್ಷೆಯಲ್ಲಿ ತೋರಿಸಿರುವ ಸ್ಥಾನದಲ್ಲಿಯೇ ಮರುಸ್ಥಾಪಿಸುವುದು.

ಜವಾಬ್ದಾರಿ

ಅಮೆರಿಕದಲ್ಲಿ 1939 ರಿಂದ ಈ ಕಾರ್ಯವನ್ನು ಅಲ್ಲಿನ ಕೋಸ್ಟ್ ಗಾರ್ಡ್ ಹಡಗುಗಳು ನಿರ್ವಹಿಸುತ್ತಿವೆ. ಭಾರತದಲ್ಲಿ ಇದು ಕೇಂದ್ರ ಸರ್ಕಾರದ ದೀಪಸ್ತಂಭ ಹಾಗೂ ದೀಪನೌಕೆಗಳ ಮಹಾನಿರ್ದೇಶನಾಲಯಕ್ಕೆ ಸೇರಿದೆ. ಬಂದರಿನ ಪ್ರವೇಶ ಕಾಲುವೆಯ ಬೋಯ್‌ಗಳನ್ನು ಸಾಮಾನ್ಯವಾಗಿ ಆಯಾ ಬಂದರಿನ ಆಡಳಿತವು ನೋಡಿಕೊಳ್ಳುತ್ತದೆ. 1927 ರ ದೀಪಸ್ತಂಭ ಕಾಯ್ದೆಯ ಬದಲಿಗೆ 2021 ರಲ್ಲಿ ನೌಕಾಯಾನ ಸಹಾಯಕ ಸಾಧನಗಳ ಕುರಿತು ಹೊಸ ಕಾಯ್ದೆಯನ್ನು ರೂಪಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ

• ಬೋಯ್‌ಗಳಿಗೆ ದೋಣಿ ಅಥವಾ ಬಲೆಯನ್ನು ಕಟ್ಟಬಾರದು. ದೀಪ, ಬ್ಯಾಟರಿ, ಸೌರಫಲಕಗಳನ್ನು ತೆಗೆಯಬಾರದು. ಉದ್ದೇಶಪೂರ್ವಕ ಹಾನಿಯು 2021 ರ ಕಾಯ್ದೆಯಡಿ ಅಪರಾಧವಾಗಿದೆ.
• ದೀಪ ಆರಿರುವುದು, ಬೋಯ್ ಕಾಣೆಯಾಗಿರುವುದು ಅಥವಾ ದಡಕ್ಕೆ ತೇಲಿಬಂದಿರುವುದು ಕಂಡುಬಂದಲ್ಲಿ ಹತ್ತಿರದ ಬಂದರು ಅಧಿಕಾರಿಯ ಕಚೇರಿಗೆ ಕೂಡಲೇ ತಿಳಿಸುವುದು.
• ಮಾಹಿತಿ ನೀಡುವಾಗ ಬೋಯ್‌ನ ಬಣ್ಣ, ಅದರ ಮೇಲಿನ ಸಂಖ್ಯೆ, ಕಂಡ ಸ್ಥಳ, ದಿನಾಂಕ ಹಾಗೂ ಸಮಯವನ್ನು ತಿಳಿಸುವುದು.
• ಸಮುದ್ರದಲ್ಲಿ ಪ್ರಾಣಾಪಾಯ ಎದುರಾದಲ್ಲಿ ಭಾರತೀಯ ಕೋಸ್ಟ್ ಗಾರ್ಡ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1554 ಅನ್ನು ಸಂಪರ್ಕಿಸುವುದು.

ತಾವು ಸಕಾಲದಲ್ಲಿ ನೀಡುವ ಮಾಹಿತಿಯು ಅದೇ ರಾತ್ರಿ ಅಳಿವೆಯನ್ನು ದಾಟಲಿರುವ ಮತ್ತೊಂದು ದೋಣಿಯನ್ನು ಉಳಿಸಬಲ್ಲದು. ಈ ದಿಸೆಯಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.