ಸುಳಿಗೆ ಹಾನಿಯಾದ ತೆಂಗಿನ ಮರ ಚೇತರಿಸಿಕೊಳ್ಳುವುದೇ?

ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಕಮಲಾಪುರದ ಕೆಂಪು ಬಾಳೆಯು ಗಾಳಿಗೆ ಮುರಿದರೂ ನೆಲದೊಳಗಿನ ಗೆಡ್ಡೆಯಿಂದ ಹೊಸ ಕಂದುಗಳು ಹೊರಡುತ್ತವೆ. ಕಲಬುರಗಿ ನಗರದ ಮನೆಯಂಗಳದಲ್ಲಿ ಬೆಳೆಸಿದ ತೆಂಗಿಗೆ ಈ ಅನುಕೂಲವಿಲ್ಲ. ಒಂಟಿ ಕಾಂಡದ ಈ ಮರಕ್ಕೆ ತುದಿಯಲ್ಲಿ ಒಂದೇ ಬೆಳವಣಿಗೆಯ ಮೊಗ್ಗು ಇರುತ್ತದೆ. ಅದು ಸತ್ತರೆ ಮರವೂ ಸಾಯುತ್ತದೆ.

ಗರಿಗಳು ಮುರಿದಿದ್ದರೂ ಮೊಗ್ಗು ಜೀವಂತವಾಗಿದ್ದಲ್ಲಿ ಹೊಸ ಸುಳಿ ಮೂಡುವುದು. ಆದುದರಿಂದ ಮರ ಕಡಿಯಲು ಆತುರಪಡದೆ ಕೆಲವು ತಿಂಗಳು ಗಮನಿಸುವುದು ಸೂಕ್ತ. ಸುಳಿ ಕೊಳೆ ರೋಗ ಕಂಡುಬಂದಲ್ಲಿ ಕೊಳೆತ ಭಾಗವನ್ನು ಪೂರ್ಣವಾಗಿ ತೆಗೆದು, ಬೋರ್ಡೋ ಮುಲಾಮು ಹಚ್ಚಿ, ಹೊಸ ಸುಳಿ ಬರುವವರೆಗೆ ಮಳೆನೀರು ತಾಗದಂತೆ ಮುಚ್ಚತಕ್ಕದ್ದು. ಕಾಂಡಕ್ಕಾದ ಗಾಯ ಎಂದಿಗೂ ಮಾಯುವುದಿಲ್ಲವಾದ್ದರಿಂದ ಮೊಳೆ ಹೊಡೆಯಬಾರದು, ಕಚ್ಚು ಹಾಕಬಾರದು.

ಹೊಸ ಸುಳಿ ಬಾರದೆ ಉಳಿದ ಗರಿಗಳೂ ಒಣಗಿ ಉದುರಿದಲ್ಲಿ, ಮರವು ಮನೆ ಅಥವಾ ವಿದ್ಯುತ್ ತಂತಿಯ ಮೇಲೆ ಬೀಳುವ ಮೊದಲೇ ಅದನ್ನು ತೆರವುಗೊಳಿಸತಕ್ಕದ್ದು.