ಶಾಲೆಯ ಟೆಕ್ ಹೆಡ್ ಆದ್ರೆ ಬೆಳವಣಿಗೆ ಎಲ್ಲಿದೆ?

ಐಟಿ ಕೆಲಸ ಬಿಟ್ಟು ಪುಣೆಯ ಒಂದು ಶಾಲೆಯಲ್ಲಿ ತಂತ್ರಜ್ಞಾನ ವಿಭಾಗ ನೋಡ್ಕೋತಿದ್ದೀನಿ ಅಂತ ಹಿಂದೊಮ್ಮೆ ಹೇಳಿದ್ದೆ. ಆಮೇಲೆ ತುಂಬ ಜನ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಅಲ್ಲಿ ಬೆಳವಣಿಗೆ ಏನಿರುತ್ತೆ? ಪ್ರೊಜೆಕ್ಟರ್ ರಿಪೇರಿ ಮಾಡ್ಕೊಂಡು ಕೂರೋದೇನಾ?" ಕೇಳಿದವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಹೈದರಾಬಾದು, ಚೆನ್ನೈ, ನೋಯ್ಡಾದಲ್ಲಿ ಕೂತು, ಮುಂದಿನ ಲೇಆಫ್ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತಾ ಅಂತ ಯೋಚಿಸ್ತಿರೋರು. ಅದಕ್ಕೇ ಇವತ್ತು ಇದರ ಬಗ್ಗೆಯೇ ಮಾತಾಡೋಣ. ಮೊದಲು ನಾನು ಮಾಡಿದ ತಪ್ಪಿನಿಂದ ಶುರು ಮಾಡ್ತೀನಿ.

ಕೆಂಪು ಬಣ್ಣದ ವರದಿ

ಸೇರಿದ ಮೊದಲ ವರ್ಷ ನಾನು ಮಾಡಿದ್ದು ನನಗೆ ಗೊತ್ತಿದ್ದ ಕೆಲಸ. ಎಲ್ಲ ತರಗತಿಗೂ ಸ್ಮಾರ್ಟ್ ಬೋರ್ಡ್ ಹಾಕಿಸಿದೆ, ವೈಫೈ ಸರಿ ಮಾಡಿಸಿದೆ, ಯಾವ ಬೋರ್ಡು ದಿನಕ್ಕೆ ಎಷ್ಟು ಹೊತ್ತು ಆನ್ ಇತ್ತು ಅಂತ ತೋರಿಸೋ ಡ್ಯಾಶ್‌ಬೋರ್ಡ್ ಕಟ್ಟಿದೆ. ತಿಂಗಳ ಕೊನೆಗೆ ಆಡಳಿತ ಮಂಡಳಿಗೆ ವರದಿ ಹೋಗ್ತಿತ್ತು. ಚೆನ್ನಾಗಿ ಬಳಸಿದ ಶಿಕ್ಷಕರ ಹೆಸರು ಹಸಿರಲ್ಲಿ, ಬಳಸದವರ ಹೆಸರು ಕೆಂಪಲ್ಲಿ.

ಕೆಂಪಲ್ಲಿ ತಪ್ಪದೆ ಬರ್ತಿದ್ದ ಹೆಸರು ಒಬ್ಬ ಹಿರಿಯ ವಿಜ್ಞಾನ ಶಿಕ್ಷಕಿಯದ್ದು. ಅವರು ಆ ಬೋರ್ಡಿನ ಮೇಲೆ ಚಾರ್ಟ್ ಅಂಟಿಸಿದ್ರು! ನಾನು ಹೋಗಿ, "ಮೇಡಂ, ಇನ್ನೊಂದು ಟ್ರೈನಿಂಗ್ ಇಡಲಾ?" ಅಂದೆ. ಅವರು ಕೇಳಿದ್ದು ಇಷ್ಟೇ: "ಸರ್, ನೀವು ಒಂದು ದಿನನಾದ್ರೂ ನನ್ನ ಕ್ಲಾಸಲ್ಲಿ ಕೂತಿದ್ದೀರಾ?"

ಮಾರನೇ ದಿನ ಹೋಗಿ ಕೊನೇ ಬೆಂಚಲ್ಲಿ ಕೂತೆ. ಹತ್ತನೇ ತರಗತಿ, ಬೆಳಕಿನ ವಕ್ರೀಭವನದ ಪಾಠ, ನಲವತ್ತು ನಿಮಿಷದ ಪೀರಿಯಡ್. ನನಗೋಸ್ಕರ ಅಂತ ಅವರು ಬೋರ್ಡ್ ಆನ್ ಮಾಡಿದ್ರು. ಅದು ಎದ್ದು, ಲಾಗಿನ್ ಆಗಿ, ಫೈಲ್ ತೆರೆಯೋ ಹೊತ್ತಿಗೆ ನಾಲ್ಕು ನಿಮಿಷ. ಪೀರಿಯಡ್ಡಿನ ಹತ್ತನೇ ಒಂದು ಪಾಲು ಹೋಯ್ತು. ನನ್ನ ಡ್ಯಾಶ್‌ಬೋರ್ಡಿನಲ್ಲಿ ಆ ನಾಲ್ಕು ನಿಮಿಷವೂ 'ಬಳಕೆ' ಅಂತ ಹಸಿರಾಗೇ ಲೆಕ್ಕ ಆಗ್ತಿತ್ತು. ಕಿಟಕಿ ಬೆಳಕು ಪರದೆ ಮೇಲೆ ಬಿದ್ದು ಹಿಂದಿನ ಎರಡು ಸಾಲಿಗೆ ಏನೂ ಕಾಣ್ತಿರಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ ಅಂತೀವಲ್ಲ, ಇಲ್ಲಿ ನೆಲ ನಿಜವಾಗ್ಲೂ ಡೊಂಕಾಗಿತ್ತು. ಹಾಕಿಸಿದ್ದು ನಾನೇ.

ಕೊನೆಗೆ ಅವರು ಬೋರ್ಡ್ ಬಿಟ್ಟು ಒಂದು ಗಾಜಿನ ಲೋಟ, ನೀರು, ಪೆನ್ಸಿಲ್ ತಗೊಂಡ್ರು. ಪೆನ್ಸಿಲ್ ಮುರಿದ ಹಾಗೆ ಕಂಡಾಗ ಮುಂದಿನ ಬೆಂಚಿನ ಮಕ್ಕಳ ಕಣ್ಣು ಅರಳಿತು. ಆದರೆ ನನ್ನ ಪಕ್ಕ ಕೂತಿದ್ದ ಹುಡುಗನಿಗೆ ಲೋಟವೇ ಕಾಣಲಿಲ್ಲ.

ಆ ವಾರ ನಾವು ಮಾಡಿದ್ದು ಸಣ್ಣ ಕೆಲಸ. ಮೊಬೈಲಿಗೆ ಒಂದು ಸ್ಟ್ಯಾಂಡ್ ಹಾಕಿ, ಅದರ ಕ್ಯಾಮೆರಾವನ್ನ ಬೋರ್ಡಿಗೆ ಜೋಡಿಸಿದ್ವಿ, ಕಿಟಕಿಗೆ ಪರದೆ ಹಾಕಿದ್ವಿ. ಬೋರ್ಡನ್ನ ಬೆಳಿಗ್ಗೆಯೇ ಆನ್ ಮಾಡಿಡೋ ವ್ಯವಸ್ಥೆ ಆಯ್ತು. ಅದೇ ಲೋಟ, ಅದೇ ಪೆನ್ಸಿಲ್ ಈಗ ಕೊನೇ ಬೆಂಚಿಗೂ ಕಾಣ್ತಿತ್ತು.

ಆದರೆ ತಡ ಆಗಿತ್ತು. ನನ್ನ ವರದಿ ನೋಡಿ ಆಡಳಿತದವರು ಆ ವರ್ಷ ಅವರ ಇನ್‌ಕ್ರಿಮೆಂಟ್ ತಡೆಹಿಡಿದಿದ್ರು. ನಾನು ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಮುಂದಿನ ವರ್ಷ ಸರಿ ಹೋಯ್ತು, ಆದರೆ ಆ ಒಂದು ವರ್ಷದ್ದು ವಾಪಸ್ ಬರಲಿಲ್ಲ. ಇದನ್ನ ಇವತ್ತಿಗೂ ನಾನು ಮರೆತಿಲ್ಲ.

ಐದರಲ್ಲಿ ನಮಗೆ ಗೊತ್ತಿರೋದು ಒಂದು

ಐಎಸ್‌ಟಿಇ ಅನ್ನೋ ಅಮೆರಿಕದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಶಾಲಾ ನಾಯಕರಿಗೆ ಅಂತಲೇ ಮಾನದಂಡಗಳನ್ನ ಮಾಡಿದೆ (ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿರೋ ಐಎಸ್‌ಟಿಇ ಬೇರೆ). ಅದರಲ್ಲಿ ಐದು ಪಾತ್ರಗಳಿವೆ: ಎಲ್ಲ ಮಕ್ಕಳಿಗೂ ಸಮಾನ ಅವಕಾಶ ಸಿಗೋ ಹಾಗೆ ನೋಡಿಕೊಳ್ಳೋದು, ದೂರದೃಷ್ಟಿಯ ಯೋಜನೆ ಮಾಡೋದು, ಶಿಕ್ಷಕರಿಗೆ ಬಲ ತುಂಬೋದು, ವ್ಯವಸ್ಥೆ ಕಟ್ಟೋದು, ತಾನೂ ಬೇರೆಯವರ ಜೊತೆ ಸೇರಿ ಕಲೀತಾ ಇರೋದು.

ಈ ಐದರಲ್ಲಿ ಐಟಿಯಿಂದ ಬಂದವರ ಕೈಗೆ ಪಳಗಿರೋದು ಒಂದೇ, ವ್ಯವಸ್ಥೆ ಕಟ್ಟೋದು. ಬೆಳವಣಿಗೆ ಎಲ್ಲಿದೆ ಅಂದ್ರೆ ಉಳಿದ ನಾಲ್ಕರಲ್ಲಿದೆ. ಇನ್ನೊಂದು ಕ್ಲೌಡ್ ಸರ್ಟಿಫಿಕೇಟ್ ಮಾಡಿದ್ರೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅದು ಈಗಾಗಲೇ ಗಟ್ಟಿಯಾಗಿರೋ ಕಂಬಕ್ಕೇ ಇನ್ನಷ್ಟು ಸಿಮೆಂಟು ಮೆತ್ತಿದ ಹಾಗೆ.

ಇದು ನನ್ನೊಬ್ಬನ ಅನುಭವ ಮಾತ್ರ ಅಂದ್ಕೋಬೇಡಿ. ಪೆರು ದೇಶದಲ್ಲಿ 'ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್' ಯೋಜನೆಯನ್ನ ದೊಡ್ಡ ಮಟ್ಟದಲ್ಲಿ ಮಾಡಿದ್ರು. ಅಲ್ಲಿನ 319 ಗ್ರಾಮೀಣ ಶಾಲೆಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಬಂತು. ಕಂಪ್ಯೂಟರ್‌ಗಳ ಸಂಖ್ಯೆ ಏರಿತ್ತು, ಮಕ್ಕಳ ಬಳಕೆಯೂ ಏರಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಪರಿಣಾಮ ಕಾಣಲಿಲ್ಲ. 2015ರಲ್ಲಿ ಒಇಸಿಡಿ ವರದಿಯೂ ಅದನ್ನೇ ಹೇಳಿತು: ಶಾಲೆಗಳ ಕಂಪ್ಯೂಟರಿಗೆ ಭಾರೀ ಹಣ ಹಾಕಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗಿರಲಿಲ್ಲ.

ಯಾಕೆ ಹೀಗೆ? ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಕೊಟ್ಟ ಟಿಪ್ಯಾಕ್ ಚೌಕಟ್ಟು ಇದಕ್ಕೆ ಒಳ್ಳೆ ಉತ್ತರ. ವಿಷಯ ಗೊತ್ತಿರಬೇಕು, ಪಾಠ ಮಾಡೋ ರೀತಿ ಗೊತ್ತಿರಬೇಕು, ತಂತ್ರಜ್ಞಾನವೂ ಗೊತ್ತಿರಬೇಕು. ಈ ಮೂರೂ ಸೇರೋ ಜಾಗದಲ್ಲೇ ಕಲಿಕೆ ಆಗೋದು. ಲೋಟ-ಪೆನ್ಸಿಲ್ ಪಾಠದಲ್ಲಿ ಮೊದಲ ಎರಡು ಆ ಶಿಕ್ಷಕಿಯ ಹತ್ತಿರ ಇತ್ತು, ಮೂರನೆಯದ್ದು ನನ್ನ ಹತ್ತಿರ ಇತ್ತು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತಿರಲಿಲ್ಲ, ಅಷ್ಟೇ.

'ಬೇಡ' ಅನ್ನೋದೂ ಕೆಲಸವೇ

ಕಂಪನಿಯಲ್ಲಿ ನಮಗೆ ಡೆಲಿವರಿ ಅಭ್ಯಾಸ. ಕೇಳಿದ್ದನ್ನ ಕೊಟ್ಟುಬಿಡೋದು. ಶಾಲೆಯಲ್ಲಿ ಕೆಲವು ಸಲ ತಡೀಬೇಕಾಗುತ್ತೆ.

ಒಮ್ಮೆ ಒಂದು ಆ್ಯಪ್‌ನವರು ಬಂದು ಪೂರ್ತಿ ಉಚಿತ ಅಂದ್ರು. ಡೆಮೊ ಚೆನ್ನಾಗಿತ್ತು, ಪ್ರಿನ್ಸಿಪಾಲರಿಗೂ ಇಷ್ಟ ಆಗಿತ್ತು. ನಾನು ಒಪ್ಪಂದದ ಸಣ್ಣಕ್ಷರ ಓದಿದೆ. ಮಗುವಿನ ಫೋಟೊ, ಜನ್ಮದಿನಾಂಕ, ಅಪ್ಪ-ಅಮ್ಮನ ಫೋನ್ ನಂಬರ್ ಎಲ್ಲ ಬೇಕಿತ್ತು, 'ಪಾಲುದಾರರ ಜೊತೆ ಹಂಚಿಕೊಳ್ಳಬಹುದು' ಅಂತಲೂ ಬರೆದಿತ್ತು. ಬೇಡ ಅಂದೆ. ಒಂದು ತಿಂಗಳು ಪ್ರಿನ್ಸಿಪಾಲರ ಮುಖ ಗಂಟಿಕ್ಕಿಕೊಂಡೇ ಇತ್ತು.

ಈಗ ಅದಕ್ಕೆ ಕಾನೂನಿನ ಬೆಂಬಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ, ಅದೂ ಖಾತರಿ ಮಾಡಿಕೊಂಡ ಒಪ್ಪಿಗೆ ಬೇಕು. ಮಕ್ಕಳಿಗೆ ಗುರಿಯಿಟ್ಟ ಜಾಹೀರಾತು ತೋರಿಸೋ ಹಾಗಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದ್ರೆ 200 ಕೋಟಿ ರೂಪಾಯಿವರೆಗೂ ದಂಡ ಇದೆ. 2025ರ ನವೆಂಬರಿನಲ್ಲಿ ಇದರ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಗೆ ಬರ್ತಿವೆ. ಕಲಿಕೆ ಮತ್ತು ಸುರಕ್ಷತೆಯ ಮಟ್ಟಿಗೆ ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಶಾಲೆಯೊಳಗೆ ಇದನ್ನ ಓದಿ, ಅರ್ಥ ಮಾಡಿಕೊಂಡು, ಪ್ರಿನ್ಸಿಪಾಲರಿಗೂ ಪೋಷಕರಿಗೂ ಸರಳವಾಗಿ ಹೇಳೋ ಒಬ್ಬರು ಬೇಕೇ ಬೇಕು. ಆ ಒಬ್ಬರು ನೀವಾಗಬಹುದು.

ಶುರು ಮಾಡೋದು ಹೇಗೆ?

ನನ್ನ ಅನುಭವದಲ್ಲಿ ಮೂರು ಸಂಗತಿ ಕೆಲಸಕ್ಕೆ ಬಂದಿವೆ.

ಮೊದಲನೆಯದು, ವಾರಕ್ಕೆ ಒಂದು ಪೀರಿಯಡ್ ಕೊನೇ ಬೆಂಚಲ್ಲಿ ಕೂರೋದು. ತಪ್ಪು ಹುಡುಕೋಕಲ್ಲ. ಶಿಕ್ಷಕರು ಕರೆದ್ರೆ ಮಾತ್ರ ಹೋಗಿ. ನೋಡಿದ್ದನ್ನ ಮೇಲಿನವರಿಗೆ ಹೇಳೋ ಮೊದಲು ಅವರಿಗೇ ಹೇಳಿ.

ಎರಡನೆಯದು, ಅವರ ತರಬೇತಿ ಗಂಟೆಗಳನ್ನ ಗೌರವಿಸೋದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಅಂತ ಹೇಳಿದೆ. ಆ ಗಂಟೆಗಳಲ್ಲಿ 'ಈ ಬಟನ್ ಒತ್ತಿ' ಅನ್ನೋ ಡೆಮೊ ತುಂಬಿಸಬೇಡಿ. ಯಾವ ಪಾಠ ಮಕ್ಕಳಿಗೆ ಹತ್ತೋದೇ ಇಲ್ಲ ಅಂತ ಕೇಳಿ, ಅಲ್ಲಿಂದ ಶುರು ಮಾಡಿ. ನೀವೂ ಅವರ ಜೊತೆ ವಿದ್ಯಾರ್ಥಿಯಾಗಿ ಕೂತ್ಕೊಳ್ಳಿ.

ಮೂರನೆಯದು, ಬೇರೆಯವರ ಕೆಲಸ ನೋಡೋದು. ಮುಂಬೈನ ಟಿಸ್ ಸಂಸ್ಥೆ, ಎಂಐಟಿ ಜೊತೆ ಸೇರಿ, ಟಾಟಾ ಟ್ರಸ್ಟ್ಸ್ ನೆರವಿನಿಂದ 'ಕ್ಲಿಕ್ಸ್' ಅನ್ನೋ ಯೋಜನೆ ಮಾಡಿತು. ರಾಜಸ್ಥಾನ, ಮಿಜೋರಾಂ, ಛತ್ತೀಸ್‌ಗಢ, ತೆಲಂಗಾಣದ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ಇದಕ್ಕೆ 2017ರ ಸಾಲಿನ ಯುನೆಸ್ಕೊ ಪ್ರಶಸ್ತಿಯೂ ಬಂತು. ಮಕ್ಕಳ ಪಾಠದ ಜೊತೆಗೇ ಶಿಕ್ಷಕರ ತಯಾರಿಯನ್ನೂ ಕಟ್ಟಿದ್ದು ಅದರ ವಿಶೇಷ.

ಸಂಬಳದ ಮಾತು ಮುಚ್ಚಿಡಲ್ಲ. ನನಗಂತೂ ಅರ್ಧಕ್ಕಿಂತ ಕಮ್ಮಿ ಆಯ್ತು. ಮನೆ ಸಾಲ ತಲೆ ಮೇಲಿದ್ರೆ ಮೊದಲು ಲೆಕ್ಕ ಹಾಕಿ, ಮನೆಯವರ ಜೊತೆ ಕೂತು ಮಾತಾಡಿ, ಆಮೇಲೆ ಹೆಜ್ಜೆ ಇಡಿ. ಶನಿವಾರ ಹತ್ತಿರದ ಶಾಲೆಗೆ ಹೋಗಿ ಸಣ್ಣ ಸಹಾಯ ಮಾಡಿಯೂ ಈ ಕೆಲಸ ನಿಮಗೆ ಹಿಡಿಸುತ್ತಾ ನೋಡಬಹುದು.

ಇನ್ನು ಬೆಳೆದಿದ್ದೀನಾ ಇಲ್ವಾ ಅಂತ ತಿಳಿಯೋದು ಹೇಗೆ? ಮೊದಲ ವರ್ಷ ತಂಗಿ ಮದುವೆಗೆ ಧಾರವಾಡಕ್ಕೆ ಹೋಗಿದ್ದಾಗ, ಅಕ್ಷತೆ ಹಾಕೋ ಹೊತ್ತಲ್ಲೂ ಶಾಲೆಯಿಂದ ಫೋನು: "ಸರ್, ಸೌಂಡ್ ಬರ್ತಿಲ್ಲ." ಆಗ ಒಳಗೊಳಗೇ ಹೆಮ್ಮೆ, ನಾನಿಲ್ದೆ ಏನೂ ನಡೆಯಲ್ಲ ಅಂತ. ಈ ದಸರೆಗೆ ಹತ್ತು ದಿನ ಊರಲ್ಲಿದ್ದೆ. ರಜಕ್ಕೆ ಮುಂಚಿನ ನಾಲ್ಕು ದಿನ ಶಾಲೆ ನಡೀತಿತ್ತು, ಒಂದು ಫೋನೂ ಬರಲಿಲ್ಲ. ವಾಪಸ್ ಹೋದಾಗ ಗೊತ್ತಾಯ್ತು, ಎರಡು ಬೋರ್ಡು ಕೈಕೊಟ್ಟಿದ್ವಂತೆ. ಸರಿ ಮಾಡಿದ್ದು ಅದೇ ವಿಜ್ಞಾನ ಶಿಕ್ಷಕಿ ಮತ್ತು ಅವರ ಹತ್ತನೇ ತರಗತಿಯ ಇಬ್ಬರು ಹುಡುಗಿಯರು.

ನಿಮ್ಮಲ್ಲಿ ಯಾರಾದ್ರೂ ಶಾಲೆ ಕಡೆ ಯೋಚನೆ ಮಾಡ್ತಿದ್ರೆ, ಯಾವ ಊರು, ಏನು ಅಡ್ಡಿ ಅಂತ ಬರೀರಿ. ಮುಂದಿನ ಮಾತಲ್ಲಿ ಉತ್ತರ ಕೊಡೋಕೆ ಪ್ರಯತ್ನ ಮಾಡ್ತೀನಿ.