ಗಾಳಿಯಲ್ಲಿ ಮಾತನಾಡಲು ಅಪ್ಪಣೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡದೆ ಬರುವುದಿಲ್ಲ. ಆದರೆ ಗುಡಿಯಿಂದ ಹೊರಬಂದು ತೆಂಗಿನ ತೋಟದ ಬದುವಿನಲ್ಲಿ ನಿಂತರೆ ಇನ್ನೊಂದು ವಿಚಾರವೂ ಹೊಳೆಯುತ್ತದೆ. ತೋಟದ ಈ ಕೊನೆಯಿಂದ ಆ ಕೊನೆಗೆ ಕೂಗಿ ಕರೆಯಲು ಯಾರ ಅಪ್ಪಣೆಯೂ ಬೇಡ. ಅದೇ ಕೂಗನ್ನು ರೇಡಿಯೋ ಅಲೆಯ ಮೇಲೆ ಕಳುಹಿಸುವುದಕ್ಕೆ ಮಾತ್ರ ಬಹುಕಾಲ ಸರ್ಕಾರದ ಪರವಾನಗಿ ಬೇಕಾಗಿದ್ದಿತು!

1933ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಅಂತಹ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವೆನಿಸಿತು. ಆಕಾಶವಾಣಿಯನ್ನು ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿದ್ದನ್ನು ನಮ್ಮ ಹಿರಿಯರು ಮರೆತಿರಲಾರರು.

ನಾಗರಿಕರ ರೇಡಿಯೋ, ಅಂದರೆ ಸಿಟಿಜನ್ಸ್ ಬ್ಯಾಂಡ್, ಸರಳವಾದ ಏರ್ಪಾಡು. ಗುಂಡಿಯನ್ನು ಒತ್ತಿ ಮಾತನಾಡಬೇಕು, ಬಿಟ್ಟು ಕೇಳಬೇಕು. ಗೋಪುರವೂ ಬೇಡ, ಕರೆಯ ಬಾಡಿಗೆಯೂ ಬೇಡ. ಧ್ವನಿ ಕೆಲವೇ ಮೈಲಿಗಳವರೆಗೆ ಹೋಗುತ್ತದೆ. ಗುಟ್ಟು ಮಾತ್ರ ಸಾಧ್ಯವಿಲ್ಲ. ಅದೇ ಚಾನೆಲ್ಲಿನಲ್ಲಿರುವವರೆಲ್ಲ ಕೇಳಬಲ್ಲರು. ಹವ್ಯಾಸಿ ರೇಡಿಯೋದವರಂತೆ ಪರೀಕ್ಷೆಗೆ ಕೂರುವ ಕಷ್ಟವೂ ಇದಕ್ಕಿಲ್ಲ.

ಅಮೆರಿಕದಲ್ಲಿ 1958ರಲ್ಲಿಯೇ ಇದಕ್ಕೆ 27 ಮೆಗಾಹರ್ಟ್ಸ್ ಅಲೆಪಟ್ಟಿ ದೊರೆಯಿತು. 1973ರ ತೈಲದ ಅಭಾವದ ಕಾಲದಲ್ಲಿ ಅಲ್ಲಿನ ಲಾರಿ ಚಾಲಕರು ಪೆಟ್ರೋಲು ದೊರೆಯುವ ತಾಣಗಳನ್ನು ಇದರ ಮೂಲಕವೇ ಪರಸ್ಪರ ತಿಳಿಸಿಕೊಂಡರು. ಇಂಗ್ಲೆಂಡಿನಲ್ಲಿ ಜನರು ಕದ್ದುಮುಚ್ಚಿ ಬಳಸಿ, ಬಹಿರಂಗವಾಗಿ ಬೇಡಿಕೆಯಿಟ್ಟ ಮೇಲೆ, 1981ರಲ್ಲಿ ಸರ್ಕಾರ ಮಣಿಯಿತು.

ನಮ್ಮ ನಾಡಿಗೆ ಉತ್ಸಾಹದ ಕೊರತೆಯಿರಲಿಲ್ಲ. 1935ರಲ್ಲಿಯೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರಷ್ಟೆ. ಕೊರತೆಯಿದ್ದುದು ಅಪ್ಪಣೆಗೆ. ಸರ್ಕಾರದ ಅಂಜಿಕೆಯೂ ನಿರಾಧಾರವೆನ್ನಲಾಗದು: ದುಷ್ಟರ ಕೈಗೆ ಸಿಕ್ಕರೆ ದೇಶದ ಭದ್ರತೆಗೆ ಕೇಡು, ಅಡ್ಡಾದಿಡ್ಡಿ ಬಳಸಿದರೆ ಇತರ ಸಂಪರ್ಕಗಳಿಗೆ ಅಡಚಣೆ.

ಕೊನೆಗೆ 2005ರಲ್ಲಿ ಬಾಗಿಲು ತೆರೆಯಿತು. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮೀರದ ಅನುಮೋದಿತ ಯಂತ್ರಗಳಿಗೆ ಪರವಾನಗಿ ಬೇಡವೆಂದು ನಿಯಮವಾಯಿತು. ಇತರರಿಗೆ ಅಡಚಣೆ ಮಾಡಬಾರದು. ತನಗೆ ಅಡಚಣೆಯಾದರೆ ದೂರಬಾರದು ಎಂಬುದು ಷರತ್ತು. ಆದರೆ ಅಷ್ಟರಲ್ಲಿ ಮೊಬೈಲು ಫೋನು ದೇಶಕ್ಕೆ ಬಂದು ಹತ್ತು ವರ್ಷಗಳಾಗಿದ್ದವು. ಹಸಿವು ಹಿಂಗಿದ ಮೇಲೆ ಎಲೆ ಹಾಕಿದಂತಾಯಿತು!

ಹಾಗೆಂದು ಈ ಅಪ್ಪಣೆ ವ್ಯರ್ಥವೆ? 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ವಿದ್ಯುತ್ತೂ ದೂರವಾಣಿಯೂ ಹಲವೆಡೆ ಕಡಿದುಹೋದವು. ಅಂತಹ ಗಳಿಗೆಯಲ್ಲಿ ಗೋಪುರವನ್ನು ನಂಬದ ಪುಟ್ಟ ಯಂತ್ರವೊಂದು ಪಕ್ಕದ ಊರಿಗೆ ಸುದ್ದಿ ಮುಟ್ಟಿಸಬಲ್ಲದು. ಆದರೆ ಪಕ್ಕದ ಊರಿನಲ್ಲಿಯೂ ಅಂತಹುದೇ ಯಂತ್ರವಿರಬೇಕು, ಕೇಳುವ ಕಿವಿಯಿರಬೇಕು. ಬಾಗಿಲನ್ನು ಸರ್ಕಾರ ತೆರೆದುದಾಯಿತು. ಊರೂರು ಸೇರಿ ಬಳಕೆಯನ್ನು ರೂಢಿಸಿಕೊಳ್ಳುವ ಕೆಲಸ ನಮ್ಮದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲವಷ್ಟೆ!